ಪತ್ರಾಸಿನ ಶೆಡ್ಡಿಗೂ ಪರವಾನಗಿ ಬೇಕೇ?

ಪ್ರಶ್ನೆ: ಬೆಳಗಾವಿ ಹತ್ತಿರದ ದೇಸೂರಿನಲ್ಲಿ ನಮ್ಮ ಮನೆಯ ಅಂಗಳದಲ್ಲಿ ಕಾರು ನಿಲ್ಲಿಸಲು ನಾಲ್ಕು ಕಬ್ಬಿಣದ ಕಂಬ ನೆಟ್ಟು ಪತ್ರಾಸು ಹಾಕಿಸಬೇಕೆಂದಿದ್ದೇವೆ. ಗೋಡೆಯೇ ಇಲ್ಲ. ಇದಕ್ಕೂ ಅನುಮತಿ ಬೇಕಾ?

ಉತ್ತರ: ಗೋಡೆ ಇಲ್ಲದಿದ್ದರೆ ಕಟ್ಟಡವಲ್ಲ ಎಂಬ ನಂಬಿಕೆ ಊರೂರಲ್ಲೂ ಇದೆ, ಕಾನೂನಿನ ಲೆಕ್ಕ ಬೇರೆ. ಅದರ ಪ್ರಕಾರ ಮನೆ, ಗುಡಿಸಲು, ಶೆಡ್ಡು ಎಲ್ಲವೂ ಕಟ್ಟಡವೇ. ಇಟ್ಟಿಗೆಯದಾಗಲಿ, ಮಣ್ಣಿನದಾಗಲಿ, ಲೋಹದ್ದಾಗಲಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಹೊಸದಾಗಿ ಕಟ್ಟಲು, ಇದ್ದದ್ದಕ್ಕೆ ಸೇರಿಸಲು ಪಂಚಾಯಿತಿಯ ಲಿಖಿತ ಅನುಮತಿ ಬೇಕೆನ್ನುತ್ತದೆ 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣ. ಬೆಳಗಾವಿ ನಗರದೊಳಗಾದರೆ 1976ರ ಪೌರ ನಿಗಮಗಳ ಅಧಿನಿಯಮದಂತೆ ಮಹಾನಗರ ಪಾಲಿಕೆಗೆ ಅರ್ಜಿ.

ಮೊದಲು ಇ-ಸ್ವತ್ತಿನಿಂದ ಆಸ್ತಿ ದಾಖಲೆ ತೆಗೆಸಿ, ಅಳತೆ ನೋಡಿ. ಕಂಬಗಳ ಜಾಗ, ಗಡಿಯಿಂದ ದೂರ, ಮಾಡಿನ ಎತ್ತರ ತೋರಿಸುವ ನಕ್ಷೆಯೊಂದಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಓ) ಕಾಣಿ. ಮನೆ ಖಾನಾಪುರ ರಸ್ತೆಗೆ ಹೊಂದಿಕೊಂಡಿದ್ದರೆ ಹೆದ್ದಾರಿಯಿಂದ ಬಿಡಬೇಕಾದ ಅಂತರವನ್ನೂ ಕೇಳಿಕೊಳ್ಳಿ.

ಜಗಳ ಹುಟ್ಟುವುದು ಹೆಚ್ಚಾಗಿ ಕಂಬದಿಂದಲ್ಲ, ನೀರಿನಿಂದ. ನಮ್ಮ ಕಡೆಯ ಜುಲೈ ಮಳೆ ನಿಮಗೆ ಗೊತ್ತೇ ಇದೆ: ಪತ್ರಾಸಿನ ಇಳಿಜಾರು ಪಕ್ಕದವರ ಕಡೆಗಿದ್ದರೆ ಅವರ ಗೋಡೆ ಬುಡ ನೆನೆಯುತ್ತದೆ. ಇಳಿಜಾರನ್ನು ನಿಮ್ಮ ಅಂಗಳಕ್ಕೇ ತಿರುಗಿಸಿ, ಅಂಚಿಗೆ ತಗಡಿನ ದೋಣಿ ಕೂರಿಸಿ. ಕಂಬದ ಬುಡಕ್ಕೆ ಕಾಂಕ್ರೀಟ್ ಬಿಗಿಯಾಗಿರಲಿ. ಬದಿ ತೆರೆದ ಮಾಡನ್ನು ಗಾಳಿ ಒತ್ತುವುದಷ್ಟೇ ಅಲ್ಲ, ಕೆಳಗಿಂದ ಎತ್ತಲೂಬಹುದು.