ನಡೆದಾಡಿದರೆ ಮೆದುಳಿಗೂ ಲಾಭ

ಕೈ ನಡುಗುವ ತಾತ ಎದ್ದು ನಿಂತರೆ ಸಾಕು, ಮನೆಯವರೆಲ್ಲ ಗಾಬರಿಯಾಗುತ್ತಾರೆ. ‘ಎಲ್ಲಿಗೂ ಹೋಗಬೇಡಿ, ಸುಮ್ಮನೆ ಕುಳಿತಿರಿ’ ಎನ್ನುತ್ತಾರೆ. ಪ್ರೀತಿಯಿಂದ ಆಡುವ ಈ ಮಾತು ಸರಿಯೇ?

ಈ ಕಾಯಿಲೆಯನ್ನು 1817ರಲ್ಲಿ ವಿವರಿಸಿದವರು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್. ಇದರಲ್ಲಿ ಮೆದುಳಿನ ಆಳದಲ್ಲಿರುವ, ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ನಶಿಸುತ್ತವೆ. ಡೋಪಮೈನ್ ಕಡಿಮೆಯಾದಂತೆ ಚಲನೆ ನಿಧಾನವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಕೈ ನಡುಗುತ್ತದೆ.

ವ್ಯಾಯಾಮದಿಂದ ಪ್ರಯೋಜನವುಂಟೆ? ಇನ್ನೂ ಔಷಧ ಆರಂಭಿಸದ 128 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಎದೆಬಡಿತ ಅದರ ಗರಿಷ್ಠ ಮಿತಿಯ ಶೇ. 80–85ಕ್ಕೆ ಏರುವಂತೆ, ವಾರಕ್ಕೆ ನಾಲ್ಕು ದಿನ ಟ್ರೆಡ್‌ಮಿಲ್ ಮೇಲೆ ನಡೆಯಲು ಒಂದು ಗುಂಪಿಗೆ ಸೂಚಿಸಲಾಗಿತ್ತು. ಆರು ತಿಂಗಳಾದರೂ ಅವರ ಚಲನೆಯ ತೊಂದರೆ ಹೆಚ್ಚುಕಡಿಮೆ ಇದ್ದಷ್ಟೇ ಇತ್ತು. ವ್ಯಾಯಾಮ ಕೊಡದ ಗುಂಪಿನಲ್ಲಿ ಅದು ಹೆಚ್ಚಿತ್ತು.

ಈ ರೋಗವಿಲ್ಲದ ಹಿರಿಯರಿಗೂ ಲಾಭವುಂಟು. ವಯಸ್ಸಾದಂತೆ ಮೆದುಳಿನಲ್ಲಿ ನೆನಪಿಗೆ ನೆರವಾಗುವ ಹಿಪೊಕ್ಯಾಂಪಸ್ ಕುಗ್ಗುತ್ತದೆ. 2011ರಲ್ಲಿ ಪ್ರಕಟವಾದ, 120 ಹಿರಿಯರ ಅಧ್ಯಯನದಲ್ಲಿ, ವಾರಕ್ಕೆ ಮೂರು ದಿನ 40 ನಿಮಿಷ ನಡೆದವರಲ್ಲಿ ಅದು ಒಂದೇ ವರ್ಷದಲ್ಲಿ ಶೇ. 2ರಷ್ಟು ಹಿಗ್ಗಿತ್ತು! ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಕುಗ್ಗಿತ್ತು.

ಹಾಗೆಂದು ವ್ಯಾಯಾಮ ಸತ್ತ ನರಕೋಶಗಳನ್ನು ಬದುಕಿಸದು, ಔಷಧ ಬಿಡುವಂತಿಲ್ಲ. ಎಷ್ಟು ನಡೆಯಬೇಕು, ಎಷ್ಟು ವೇಗವಾಗಿ ಎಂಬುದನ್ನು ವೈದ್ಯರೇ ಹೇಳಬೇಕು. ಅವರು ಒಪ್ಪಿದರೆ, ಮಕ್ಕಳೇ, ಇಂದು ಸಂಜೆ ತಾತನನ್ನು ಕೂರಿಸಬೇಡಿ. ಕೈ ಹಿಡಿದು ಜೊತೆಯಲ್ಲಿ ನಡೆಯಿರಿ.