ಬಿಡದಿಯ ಹೈಬ್ರಿಡ್, ಗುಬ್ಬಿಯ ಕೃಷಿ ಹೊಂಡ

ಗುಬ್ಬಿಯ ಓದುಗರೊಬ್ಬರು ಕೇಳಿದ್ದಾರೆ: “ಈ ಸಲ ಅಡಿಕೆಗೆ ಒಳ್ಳೆ ರೇಟು ಸಿಕ್ಕಿದೆ. ದೊಡ್ಡ ಕಾರು ತಗೊಳ್ಳೋಣ ಅಂತ ಮನೆಯಲ್ಲಿ ಮಾತು. ತುಮಕೂರಿನಲ್ಲಿ ಎಲ್ಲಿ ವಿಚಾರಿಸಿದರೂ ಹೈಬ್ರಿಡ್ಡೇ ತಗೊಳ್ಳಿ ಅಂತಾರೆ. ಮೂವತ್ತು, ಐವತ್ತು ಲಕ್ಷದ ಹೈಬ್ರಿಡ್ ಕಾರನ್ನ ಜನ ನಿಜವಾಗ್ಲೂ ಕೊಳ್ತಾರಾ ಸಾರ್? ಇಲ್ಲ, ಇವತ್ತಿಗೂ ಪೆಟ್ರೋಲು ಡೀಸೆಲ್ಲೇ ಹೋಗ್ತಿರೋದಾ?”

ಕೊಳ್ಳುತ್ತಾರೆ, ಆದರೆ ಎಲ್ಲ ಮಟ್ಟದಲ್ಲೂ ಅಲ್ಲ. ಐಷಾರಾಮಿ ಕಾರೆಂದರೆ ನಮಗೆ ಮೊದಲು ನೆನಪಾಗುವುದು ಜರ್ಮನಿಯ ಕಂಪನಿಗಳು. 2024ರಲ್ಲಿ ಮರ್ಸಿಡಿಸ್-ಬೆಂಜ್ ಭಾರತದಲ್ಲಿ 19,565 ಕಾರು ಮಾರಿತು, ಬಿಎಂಡಬ್ಲ್ಯು ಗ್ರೂಪ್ 15,721. ಇವುಗಳಲ್ಲಿ ಬಹುಪಾಲು ಪೆಟ್ರೋಲು ಮತ್ತು ಡೀಸೆಲ್ಲಿನವೇ. ಇದಕ್ಕೆ ಒಂದು ಮೆಟ್ಟಿಲು ಕೆಳಗೆ, ಇಪ್ಪತ್ತೈದರಿಂದ ಐವತ್ತು ಲಕ್ಷದವರೆಗಿನ ಪಟ್ಟಿಯಲ್ಲಿ ಚಿತ್ರ ಬದಲಾಗುತ್ತದೆ. ಅಲ್ಲಿ ಹೈಬ್ರಿಡ್ ಗೆದ್ದಿದೆ. ಗೆದ್ದ ಕಾರುಗಳು ತಯಾರಾಗುವುದು ನಮ್ಮ ಪಕ್ಕದಲ್ಲೇ: ಕುಣಿಗಲ್‌ನಿಂದ ಮಾಗಡಿ ದಾಟಿದರೆ ಸಿಗುವ ಬಿಡದಿಯಲ್ಲಿ. ಇನ್ನೋವಾ ಹೈಕ್ರಾಸ್, ಕ್ಯಾಮ್ರಿ, ಈ ಪಟ್ಟಿಗಿಂತ ಸ್ವಲ್ಪ ಮೇಲಿನ ಬೆಲೆಯ ಲೆಕ್ಸಸ್ ಇಎಸ್ 300ಎಚ್ (2020ರಿಂದ), ಮೂರೂ ಬಿಡದಿಯ ಟೊಯೊಟ ಕಿರ್ಲೋಸ್ಕರ್ ಕಾರ್ಖಾನೆಯಿಂದ ಬಂದವು.

ಲೆಕ್ಕಕ್ಕೆ ಇಳಿಯುವ ಮೊದಲು ಒಂದು ಗೊಂದಲ ಬಿಡಿಸಬೇಕು. ಶೋರೂಮಿನಲ್ಲಿ ಹೈಬ್ರಿಡ್ ಎಂಬ ಹೆಸರನ್ನು ಸಿಕ್ಕಸಿಕ್ಕ ಕಾರಿಗೆಲ್ಲ ಅಂಟಿಸುತ್ತಿದ್ದಾರೆ, ಇದು ನನಗೆ ಸರಿ ಕಾಣುವುದಿಲ್ಲ. ಇವತ್ತಿನ ಅನೇಕ ಬೆಂಜ್, ಆಡಿ, ವೋಲ್ವೊ ಪೆಟ್ರೋಲ್ ಕಾರುಗಳಲ್ಲಿ 48 ವೋಲ್ಟಿನ ಪುಟ್ಟ ಮೋಟಾರೊಂದು ಇರುತ್ತದೆ. ಎಂಜಿನ್ ಸ್ಟಾರ್ಟ್ ಮಾಡಲು, ಹೊರಡುವಾಗ ಸ್ವಲ್ಪ ಕೈಜೋಡಿಸಲು ಅದು ಒಳ್ಳೆಯದೇ. ಆದರೆ ಎಂಜಿನ್ ಆರಿಸಿ ಆ ಮೋಟಾರೊಂದರಿಂದಲೇ ಕಾರು ಓಡಿಸಲಾಗದು. ಇದು ‘ಮೈಲ್ಡ್’ ಹೈಬ್ರಿಡ್. ಇವನ್ನೂ ಸೇರಿಸಿ “ನಮ್ಮಲ್ಲಿ ಇಷ್ಟು ಹೈಬ್ರಿಡ್ ಮಾರಾಟ” ಎಂದರೆ ಅದು ಪೆಟ್ರೋಲ್ ಕಾರಿನ ಮಾರಾಟವೇ ಸರಿ. ನಾನಿಲ್ಲಿ ಹೇಳುತ್ತಿರುವುದು ‘ಸ್ಟ್ರಾಂಗ್’ ಹೈಬ್ರಿಡ್ ಬಗ್ಗೆ. ಅದರ ಎಂಜಿನ್ ಆಗಾಗ ಪೂರ್ತಿ ನಿಲ್ಲುತ್ತದೆ, ಕಾರು ಬರೀ ಕರೆಂಟಿನಲ್ಲಿ ಸಾಗುತ್ತದೆ, ಬ್ಯಾಟರಿಯನ್ನು ಕಾರೇ ತುಂಬಿಕೊಳ್ಳುತ್ತದೆ.

ಇದು ಹೇಗೆ ಇಂಧನ ಉಳಿಸುತ್ತದೆ ಎಂಬುದು ಗುಬ್ಬಿಯ ಅಡಿಕೆ ತೋಟದವರಿಗೆ ಎಲ್ಲರಿಗಿಂತ ಬೇಗ ಅರ್ಥವಾಗಬೇಕು. ತೋಟಕ್ಕೆ ನೀರು ಬೇಕಾಗುವುದು ಹನಿಹನಿಯಾಗಿ, ದಿನದ ಬೇರೆ ಬೇರೆ ಹೊತ್ತಿನಲ್ಲಿ. ತ್ರೀ ಫೇಸ್ ಕರೆಂಟು ಬರುವುದು ಕೆಲವೇ ಗಂಟೆ. ಬೋರ್‌ವೆಲ್ ಮೋಟಾರಿಗೂ ಒಂದು ಹದವಿದೆ, ಆ ಹದದಲ್ಲಿ ಓಡಿದರೆ ಯೂನಿಟ್ಟಿಗೆ ಹೆಚ್ಚು ನೀರು. ವಾಲ್ವ್ ಅರ್ಧ ಮುಚ್ಚಿ ನೀರು ಬಿಟ್ಟರೆ ಆ ಹದ ತಪ್ಪುತ್ತದೆ, ಕರೆಂಟು ದಂಡ. ಅದಕ್ಕೇ ರೈತರು ಹೊಂಡ ತೆಗೆಸಿದ್ದಾರೆ. ಕರೆಂಟಿದ್ದಾಗ ಮೋಟಾರು ತನ್ನ ಹದದಲ್ಲಿ ಓಡಿ ಹೊಂಡ ತುಂಬಿಸುತ್ತದೆ. ಗಿಡಕ್ಕೆ ಬೇಕಾದಾಗ ಹೊಂಡದಿಂದ ಡ್ರಿಪ್ಪಿಗೆ ನೀರು.

ಪೆಟ್ರೋಲ್ ಎಂಜಿನ್ನಿನ ಪಾಡೂ ಇದೇ. ಮಧ್ಯಮ ವೇಗದಲ್ಲಿ, ಚೆನ್ನಾಗಿ ಭಾರ ಎಳೆಯುತ್ತಿರುವಾಗ ಅದು ಪೆಟ್ರೋಲಿನ ಶಕ್ತಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಚಲನೆಯಾಗಿಸಬಲ್ಲದು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಒಂದನೇ ಗೇರು, ಎರಡನೇ ಗೇರಿನಲ್ಲಿ ತೆವಳುವಾಗ ಆ ಪಾಲು ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಸೊನ್ನೆ. ಹೈಬ್ರಿಡ್ಡಿನಲ್ಲಿ ಬ್ಯಾಟರಿ ಎಂಬ ಹೊಂಡವಿದೆ. ತೆವಳುವ ಕೆಲಸ ಹೊಂಡದ್ದು. ಎಂಜಿನ್ ಎದ್ದರೆ ತನ್ನ ಹದದಲ್ಲೇ ಓಡಿ, ಚಕ್ರಕ್ಕೆ ಬೇಕಾದ್ದು ಕೊಟ್ಟು, ಮಿಕ್ಕಿದ್ದನ್ನು ಹೊಂಡಕ್ಕೆ ತುಂಬಿ ಮತ್ತೆ ಮಲಗುತ್ತದೆ. ತೋಟದ ತಗ್ಗಿನಲ್ಲಿ ಹರಿದುಹೋಗುವ ನೀರನ್ನು ಬದು ಕಟ್ಟಿ ಮತ್ತೆ ಹೊಂಡಕ್ಕೆ ತಿರುಗಿಸುವವರೂ ಇದ್ದಾರಲ್ಲ, ಬ್ರೇಕ್ ಒತ್ತಿದಾಗ ನಡೆಯುವುದು ಅದೇ. ಮೋಟಾರು ಜನರೇಟರ್ ಆಗಿ ತಿರುಗಿ, ಕಾರಿನ ಓಟವನ್ನು ಕರೆಂಟಾಗಿಸಿ ಬ್ಯಾಟರಿಗೆ ಕಳಿಸುತ್ತದೆ.

ಇದರ ಬೆಲೆ ಎಷ್ಟು? 1,700 ಕಿಲೋ ತೂಗುವ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 236 ಕಿಲೋಜೂಲ್. ನೂರರಲ್ಲಿ ಇಪ್ಪತ್ತೈದು ಪಾಲು ದಕ್ಷತೆಯ ಎಂಜಿನ್ ಅಷ್ಟನ್ನು ಗಳಿಸಲು ಸುಡುವ ಪೆಟ್ರೋಲು 28 ಮಿಲಿಲೀಟರ್ ಹತ್ತಿರ. ಮಾಮೂಲಿ ಕಾರಿನಲ್ಲಿ ಪ್ರತಿ ಸಲ ಬ್ರೇಕ್ ಒತ್ತಿ ನಿಲ್ಲಿಸಿದಾಗಲೂ ಅಷ್ಟೂ ಬ್ರೇಕ್ ಡಿಸ್ಕಿನ ಬಿಸಿಯಾಗಿ ಗಾಳಿಗೆ ಹೋಯಿತು. ನೆಲಮಂಗಲದಿಂದ ಗೊರಗುಂಟೆಪಾಳ್ಯದವರೆಗೆ ಎಷ್ಟು ಸಲ ನಿಂತು ಹೊರಡುತ್ತೀರಿ, ಲೆಕ್ಕ ಹಾಕಿಕೊಳ್ಳಿ.

ಈ ಯಂತ್ರದ ಹಿಂದಿನ ಚರಿತ್ರೆ ನನಗೆ ಬಹಳ ಪ್ರಿಯ. ಫರ್ಡಿನಾಂಡ್ ಪೋರ್ಷೆ 1900ರಲ್ಲೇ ವಿಯೆನ್ನಾದ ಲೋನರ್ ಕಂಪನಿಯಲ್ಲಿ ಪೆಟ್ರೋಲ್ ಎಂಜಿನ್ನಿನಿಂದ ಕರೆಂಟು ಮಾಡಿ, ಚಕ್ರದ ಗುಂಬದಲ್ಲೇ ಇಟ್ಟ ಮೋಟಾರುಗಳಿಂದ ಓಡುವ ಗಾಡಿ ಕಟ್ಟಿದ್ದ. ಅದಕ್ಕಿಂತಲೂ ನನ್ನನ್ನು ಸೆಳೆಯುವವನು ಇಂಗ್ಲೆಂಡಿನ ಜೇಮ್ಸ್ ಅಟ್ಕಿನ್ಸನ್. 1876ರಲ್ಲಿ ನಿಕೊಲಸ್ ಆಟೊ ನಾಲ್ಕು ಹೊಡೆತದ ಎಂಜಿನ್ ಮಾಡಿ ಪೇಟೆಂಟ್ ಹಿಡಿದಿದ್ದ. ಅದನ್ನು ಮುಟ್ಟದೆ ಬೇರೆ ದಾರಿ ಹುಡುಕಿದ ಅಟ್ಕಿನ್ಸನ್ 1880ರ ದಶಕದಲ್ಲಿ ಒಂದು ಜಾಣ ಉಪಾಯ ಕಂಡ. ಸುಟ್ಟ ಅನಿಲ ಸಿಲಿಂಡರಿನಿಂದ ಹೊರಹೋಗುವಾಗ ಅದರಲ್ಲಿ ಇನ್ನೂ ಒತ್ತಡ ಉಳಿದಿರುತ್ತದೆ. ಪಿಸ್ಟನ್ ಅನಿಲವನ್ನು ಅದುಮುವ ದೂರ ಕಡಿಮೆಯಿದ್ದು, ಅನಿಲ ಹಿಗ್ಗಿ ಪಿಸ್ಟನ್ನನ್ನು ತಳ್ಳುವ ದೂರ ಹೆಚ್ಚಿದ್ದರೆ ಆ ಉಳಿಕೆಯಿಂದಲೂ ಕೆಲಸ ತೆಗೆಯಬಹುದು. ಇಂಧನ ಉಳಿಯುತ್ತದೆ, ಸರಿ. ಆದರೆ ಗಾತ್ರಕ್ಕೆ ತಕ್ಕ ಬಲ ಬರುವುದಿಲ್ಲ, ಪಿಕಪ್ ಇಲ್ಲ. ಬಲವೇ ಬೇಕಿದ್ದ ಕಾರು ಲೋಕ ಅಟ್ಕಿನ್ಸನ್‌ನನ್ನು ನೂರು ವರ್ಷ ಮರೆತಿತ್ತು.

1993ರಲ್ಲಿ ಟೊಯೊಟ ‘ಜಿ21’ ಎಂಬ ಯೋಜನೆ ಹಿಡಿದು, ತಾಕೆಷಿ ಉಚಿಯಾಮಾದ ಅವರ ಕೈಗೆ ಕೊಟ್ಟಿತು. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಪ್ರಿಯಸ್‌ನಲ್ಲಿ ಅಟ್ಕಿನ್ಸನ್ ಚಕ್ರ ಮತ್ತೆ ಜೀವ ಪಡೆಯಿತು. ಒಳಬರುವ ಗಾಳಿಯ ವಾಲ್ವನ್ನು ತಡವಾಗಿ ಮುಚ್ಚಿ ಅದೇ ಗುಣವನ್ನು ತಂದರು. ಪಿಕಪ್ಪಿನ ಕೊರತೆಯನ್ನು ಮೋಟಾರು ತುಂಬಿತು. ಮೋಟಾರು ನಿಂತಲ್ಲಿಂದಲೇ ಪೂರ್ಣ ತಿರುಚುಬಲ ಕೊಡುತ್ತದೆ, ಎಂಜಿನ್ನಿಗೆ ಅದು ಆಗದು. ಇಬ್ಬರನ್ನೂ ಜೋಡಿಸಿದ್ದು ಒಂದೇ ಒಂದು ಗ್ರಹ-ಗೇರು: ನಡುವೆ 30 ಹಲ್ಲಿನ ಸೂರ್ಯ ಗೇರು, ಸುತ್ತ ಪುಟ್ಟ ಗ್ರಹ ಗೇರುಗಳು, ಹೊರಗೆ 78 ಹಲ್ಲಿನ ಉಂಗುರ. ಎಂಜಿನ್ ಗ್ರಹಗಳನ್ನು ಹಿಡಿದಿರುತ್ತದೆ, ಜನರೇಟರ್ ಸೂರ್ಯನನ್ನು, ಉಂಗುರ ಚಕ್ರಗಳ ಕಡೆಗೆ. ಎಂಜಿನ್ನಿನ ಬಲದಲ್ಲಿ ಸುಮಾರು 72 ಪಾಲು ಉಂಗುರಕ್ಕೆ, 28 ಪಾಲು ಸೂರ್ಯನಿಗೆ. ಜನರೇಟರಿನ ವೇಗ ಬದಲಿಸಿದರೆ ಸಾಕು, ಕಾರಿನ ವೇಗ ಏನೇ ಇರಲಿ, ಎಂಜಿನ್ ತನ್ನ ಹದದಲ್ಲೇ ಉಳಿಯುತ್ತದೆ. ಕ್ಲಚ್ ಇಲ್ಲ, ಬೆಲ್ಟ್ ಇಲ್ಲ, ಬದಲಿಸಬೇಕಾದ ಗೇರುಗಳೇ ಇಲ್ಲ. ಇಷ್ಟು ಸರಳವಾದದ್ದು ಇಷ್ಟು ಕೆಲಸ ಮಾಡುವುದನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಹೆದ್ದಾರಿಯಲ್ಲಿ ಮಾತ್ರ ಕಥೆ ಬೇರೆ. ಕುಣಿಗಲ್‌ನಿಂದ ಹಾಸನದ ಕಡೆಗೆ ಒಂದೇ ವೇಗದಲ್ಲಿ ನೂರರ ಮೇಲೆ ಓಡಿಸಿದರೆ ಬ್ರೇಕ್ ಒತ್ತುವುದೇ ಅಪರೂಪ, ಎಂಜಿನ್ ಹೇಗೂ ತನ್ನ ಹದದಲ್ಲೇ ಇರುತ್ತದೆ, ಹೊಂಡಕ್ಕೆ ಕೆಲಸವೇ ಇಲ್ಲ. ಗಂಟೆಗೆ 80ರಿಂದ 100 ಕಿ.ಮೀ.ಗೆ ಏರಿದರೆ ಗಾಳಿಯ ಎದುರು ಒತ್ತಡ ನೂರಕ್ಕೆ 56ರಷ್ಟು ಹೆಚ್ಚುತ್ತದೆ. ಗಾಳಿಗೆ ಕೊಟ್ಟ ಶಕ್ತಿಯನ್ನು ಯಾವ ಮೋಟಾರೂ ಮರಳಿ ತರದು. ಇಂಥ ಓಟದಲ್ಲಿ ಒಳ್ಳೆಯ ಡೀಸೆಲ್ ಹೈಬ್ರಿಡ್ಡಿಗೆ ಸರಿಸಮನಾಗಿ ನಿಲ್ಲುತ್ತದೆ. ತುಮಕೂರಿನಿಂದ ದಿನಾ ಬೆಂಗಳೂರಿನೊಳಗೆ ಹೋಗಿ ಬರುವ ವೈದ್ಯರಿಗೂ, ವಾರಕ್ಕೊಮ್ಮೆ ಮಂಗಳೂರಿಗೆ ಹೋಗುವ ಕುಣಿಗಲ್ ವ್ಯಾಪಾರಿಗೂ ಒಂದೇ ಉತ್ತರ ಹೇಳಲಾಗದು.

ಐಷಾರಾಮಿ ಕಾರಿನವರು ಈ ಯಂತ್ರವನ್ನು ಬೇರೆ ಉದ್ದೇಶಕ್ಕೂ ಬಳಸಿದರು. 2007ರ ಲೆಕ್ಸಸ್ ಎಲ್‌ಎಸ್ 600ಎಚ್‌ನಲ್ಲಿ ಐದು ಲೀಟರಿನ ವಿ8 ಎಂಜಿನ್ ಇಟ್ಟು, ಅದರ ಮೇಲೆ ಹೈಬ್ರಿಡ್ ಮೋಟಾರು ಕೂರಿಸಿದರು. ಉಳಿತಾಯಕ್ಕಿಂತ ವೇಗಕ್ಕೆ. ಅದೇ ಕಾರಿನ ಪೆಟ್ರೋಲ್ ಮಾದರಿಗೆ ಹೋಲಿಸಿದರೆ ಮೈಲೇಜ್ ಹೇಳಿಕೊಳ್ಳುವಷ್ಟು ಸುಧಾರಿಸಲಿಲ್ಲ, ಬೆಲೆ ಮಾತ್ರ ಬಹಳ ಮೇಲೆ. ಅದು ಹೆಚ್ಚು ಜನರಿಗೆ ಒಗ್ಗಲಿಲ್ಲ. ಎರಡು ವರ್ಷ ಮೊದಲು ಬಂದಿದ್ದ ಲೆಕ್ಸಸ್ ಆರ್‌ಎಕ್ಸ್ 400ಎಚ್ ಎಂಬ ಎಸ್‌ಯುವಿ ಅಮೆರಿಕದಲ್ಲಿ ಚೆನ್ನಾಗಿ ನೆಲೆ ಕಂಡಿತ್ತು; ಅದೇ ಸಾಲಿನ ಹೈಬ್ರಿಡ್‌ಗಳು ಇವತ್ತಿಗೂ ಬರುತ್ತಿವೆ. ಕಾರು ಕೋಟಿಯದ್ದಾದರೂ ಪಂಪಿನಲ್ಲಿ ಬರುವ ಬಿಲ್ಲನ್ನು ಜನ ನೋಡುತ್ತಾರೆ.

ಭಾರತಕ್ಕೆ ಬಂದರೆ ಹೈಬ್ರಿಡ್ ಮಾರಾಟವನ್ನು ಏರಿಸಿದ್ದೂ ಇಳಿಸಿದ್ದೂ ಬೆಲೆ ಮತ್ತು ತೆರಿಗೆ. 2008ರಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್ ಇಪ್ಪತ್ತೊಂದು ಲಕ್ಷ ಮೀರಿದ ಬೆಲೆಗೆ ಬಂತು, ಯಾರೂ ಕೊಳ್ಳಲಿಲ್ಲ. ಸುಮಾರು ಎಂಟು ಲಕ್ಷ ಇಳಿಸಿದ್ದೇ ತಡ, ದಾಸ್ತಾನು ಖಾಲಿಯಾಯಿತು. 2010ರಲ್ಲಿ ಆಮದಾಗಿ ಬಂದ ಪ್ರಿಯಸ್ ಕೆಲವೇ ಮನೆ ಸೇರಿತು. 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಬಿಡದಿಯಲ್ಲೇ ತಯಾರಾಗಿ ಮೂವತ್ತು ಲಕ್ಷದೊಳಗೆ ಸಿಕ್ಕಾಗ, ಕ್ಯಾಮ್ರಿ ಕೊಳ್ಳುವವರಲ್ಲಿ ಹೆಚ್ಚಿನವರು ಪೆಟ್ರೋಲ್ ಬಿಟ್ಟು ಅದನ್ನೇ ಆರಿಸಿದರು. ಐಷಾರಾಮಿ ಹೈಬ್ರಿಡ್ ಪೆಟ್ರೋಲನ್ನು ನಮ್ಮ ನೆಲದಲ್ಲಿ ಸೋಲಿಸಿದ ಮೊದಲ ಪಂದ್ಯ ಅದು. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ಸುಮಾರು ಮೂವತ್ತು ಪಾಲು ಇದ್ದ ತೆರಿಗೆ 43ಕ್ಕೆ ಜಿಗಿಯಿತು. ಕಾರಿನಲ್ಲಿ ಒಂದು ಬೋಲ್ಟೂ ಬದಲಾಗಿರಲಿಲ್ಲ, ಮಾರಾಟ ಮಾತ್ರ ಕುಸಿಯಿತು. ಹೀಗಿದ್ದೂ ಟೊಯೊಟ ಪಟ್ಟು ಬಿಡಲಿಲ್ಲ. 2019ರ ಹೊಸ ಕ್ಯಾಮ್ರಿ ಇಲ್ಲಿ ಹೈಬ್ರಿಡ್ ಆಗಿಯೇ ಬಂತು, ಪೆಟ್ರೋಲ್ ಮಾದರಿಯೇ ಇಲ್ಲ.

ದೊಡ್ಡ ಗೆಲುವು ಹೈಕ್ರಾಸ್‌ನದು. 2022ರ ಕೊನೆಯಲ್ಲಿ ಬಂದ ಈ ಕಾರು ಎರಡು ವರ್ಷದೊಳಗೆ ಒಂದು ಲಕ್ಷ ಮಾರಾಟ ದಾಟಿತು. ಮೇಲ್ಮಟ್ಟದ ಹೈಬ್ರಿಡ್ ಮಾದರಿಗಳಿಗೆ ಬೇಡಿಕೆ ಎಷ್ಟಿತ್ತೆಂದರೆ 2023ರ ಏಪ್ರಿಲ್‌ನಲ್ಲಿ ಕಂಪನಿ ಅವುಗಳ ಬುಕಿಂಗನ್ನೇ ನಿಲ್ಲಿಸಬೇಕಾಯಿತು. ಇದನ್ನು ಬರೀ ಮೈಲೇಜಿನ ಗೆಲುವು ಎನ್ನಲಾರೆ. ಪರೀಕ್ಷೆಯಲ್ಲಿ ಸಿಕ್ಕ ಮೈಲೇಜ್ ಹೈಬ್ರಿಡ್‌ಗೆ 23.24 ಕಿ.ಮೀ., ಪೆಟ್ರೋಲಿಗೆ 16.13. ನೂರು ಕಿ.ಮೀ.ಗೆ ಎರಡು ಲೀಟರಿನಷ್ಟು ಉಳಿತಾಯ. ವರ್ಷಕ್ಕೆ ಹದಿನೈದು ಸಾವಿರ ಕಿ.ಮೀ. ಓಡಿಸುವವರಿಗೆ ಸುಮಾರು 285 ಲೀಟರ್, ಮೂವತ್ತು ಸಾವಿರ ರೂಪಾಯಿ ಆಸುಪಾಸು. ಪೆಟ್ರೋಲ್ ಮಾದರಿಗೂ ಹೈಬ್ರಿಡ್ ಮಾದರಿಗೂ ಇರುವ ಅಂತರ ನಾಲ್ಕು ಲಕ್ಷ ಮೀರುತ್ತದೆ; ಅದರಲ್ಲಿ ಒಂದಿಷ್ಟು ಮೇಲ್ಮಟ್ಟದ ಸೀಟು, ಸೌಲಭ್ಯಗಳಿಗೆ ಹೋಗುವುದು ನಿಜ. ಉಳಿತಾಯದಿಂದಲೇ ಆ ದುಡ್ಡು ಹುಟ್ಟಬೇಕಾದರೆ ಹತ್ತು ವರ್ಷ ಮೀರಿ ಕಾಯಬೇಕು. ಜನ ಕೊಂಡದ್ದು ಸದ್ದಿಲ್ಲದ ಓಟವನ್ನು, ಹೊರಡುವಾಗಿನ ಪಿಕಪ್ಪನ್ನು, ಆಟೊಮ್ಯಾಟಿಕ್ ಗೇರನ್ನು. 2023ರಲ್ಲಿ ಮರಳಿದ ಡೀಸೆಲ್ ಇನ್ನೋವಾ ಕ್ರಿಸ್ಟಾದಲ್ಲಿ ಮ್ಯಾನ್ಯುವಲ್ ಗೇರು ಮಾತ್ರ. ಎಡಗಾಲಿಗೆ ವಿಶ್ರಾಂತಿ ಬೇಕಾದ ಇನ್ನೋವಾ ಪ್ರಿಯರು ಹೈಕ್ರಾಸ್ ಕಡೆ ತಿರುಗಿದರು.

ಡೀಸೆಲ್ಲಿನ ಬಲ ಕುಗ್ಗಿದ್ದೂ ಇದಕ್ಕೆ ನೆರವಾಯಿತು. 2012ರಲ್ಲಿ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ ಸುಮಾರು ಮೂವತ್ತು ರೂಪಾಯಿ ಅಂತರವಿತ್ತು, ಮಾರಾಟವಾಗುವ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್ಲಿನವು. 2014ರಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತ ಹೋಯಿತು. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತ ಎರಡು ಲೀಟರ್ ಮತ್ತು ಮೇಲ್ಪಟ್ಟ ಡೀಸೆಲ್ ಕಾರುಗಳ ನೋಂದಣಿಯನ್ನು ಎಂಟು ತಿಂಗಳು ತಡೆಹಿಡಿಯಿತು. 2020ರ ಬಿಎಸ್6 ನಿಯಮಕ್ಕೆ ತಕ್ಕಂತೆ ಹೊಗೆ ಶುದ್ಧಿ ಮಾಡುವ ಖರ್ಚು ತಾಳದೆ ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು.

ಜರ್ಮನ್ ಕಾರುಗಳ ಮಟ್ಟದಲ್ಲಿ ಹೈಬ್ರಿಡ್ ಏಕೆ ಮೇಲೇಳಲಿಲ್ಲ ಎಂಬುದಕ್ಕೂ ತೆರಿಗೆಯೇ ಕಾರಣ. ಪೂರ್ತಿ ವಿದ್ಯುತ್ ಕಾರಿಗೆ ಜಿಎಸ್‌ಟಿ ಐದೇ ಪಾಲು. ಎಪ್ಪತ್ತು ಲಕ್ಷ ಕೊಡಲು ಸಿದ್ಧರಿರುವವರಿಗೆ ನಡುವಿನ ಹೈಬ್ರಿಡ್ ಮೆಟ್ಟಿಲು ಹತ್ತುವ ಅಗತ್ಯವೇ ಇಲ್ಲ. ಕರ್ನಾಟಕದಲ್ಲಂತೂ ಇಪ್ಪತ್ತು ಲಕ್ಷ ದಾಟಿದ ಕಾರಿಗೆ ಜೀವಿತಾವಧಿ ರಸ್ತೆ ತೆರಿಗೆ ನೂರಕ್ಕೆ 18, ಮೇಲೆ ಸೆಸ್. ಹೈಬ್ರಿಡ್ಡಿಗೂ ಅಷ್ಟೇ ದರ. 2024ರಲ್ಲಿ ಉತ್ತರ ಪ್ರದೇಶ ಸ್ಟ್ರಾಂಗ್ ಹೈಬ್ರಿಡ್‌ಗಳ ನೋಂದಣಿ ತೆರಿಗೆ ಮನ್ನಾ ಮಾಡಿತು. ಬಿಡದಿಯ ಕಾರು ಲಖನೌದಲ್ಲಿ ಅಗ್ಗ, ಗುಬ್ಬಿಯಲ್ಲಿ ದುಬಾರಿ ಎಂಬ ಆಗಿನ ಸ್ಥಿತಿ ನನಗೆ ನೋವು ತಂದಿತ್ತು.

2025ರ ಸೆಪ್ಟೆಂಬರ್ 22ರಿಂದ ಲೆಕ್ಕ ಮತ್ತೆ ಬದಲಾಗಿದೆ. ಅಲ್ಲಿಯವರೆಗೆ ದೊಡ್ಡ ಪೆಟ್ರೋಲ್, ಡೀಸೆಲ್ ಎಸ್‌ಯುವಿಗೆ ಸೆಸ್ ಸೇರಿ 50 ಪಾಲು, ದೊಡ್ಡ ಹೈಬ್ರಿಡ್‌ಗೆ 43 ಪಾಲು ತೆರಿಗೆ ಇತ್ತು. ಈಗ ಎಲ್ಲಕ್ಕೂ ನೇರ 40. ಹೈಬ್ರಿಡ್ಡಿನ ದರವೂ ಇಳಿದಿದೆ, ಆದರೆ ಅದಕ್ಕಿದ್ದ ಏಳು ಪಾಲಿನ ಮುನ್ನಡೆ ಪೂರ್ತಿ ಹೋಯಿತು. ಇನ್ನು ಬೆಲೆಯ ಅಂತರ ಕಿರಿದಾಗಬೇಕಾದರೆ ಅದು ಕಾರ್ಖಾನೆಯಲ್ಲೇ ಆಗಬೇಕು. ಎಂಜಿನ್ನನ್ನೂ ಮೋಟಾರನ್ನೂ ಬೆಸೆಯುವ ಇ-ಡ್ರೈವ್ ಈಗ ಬಿಡದಿಯ ಟೊಯೊಟ ಕಿರ್ಲೋಸ್ಕರ್ ಆಟೊ ಪಾರ್ಟ್ಸ್‌ನಲ್ಲೇ ತಯಾರಾಗುತ್ತಿದೆ. ವರ್ಷಕ್ಕೆ ಇನ್ನೊಂದು ಲಕ್ಷ ಕಾರು ತಯಾರಿಸುವ ಮೂರನೇ ಘಟಕಕ್ಕೆ 3,300 ಕೋಟಿ ರೂಪಾಯಿಯ ಒಪ್ಪಂದ 2023ರ ನವೆಂಬರಿನಲ್ಲಿ ರಾಜ್ಯ ಸರ್ಕಾರದೊಂದಿಗೆ ಆಗಿದೆ.