ಹಡಗು ಹತ್ತುವ ಮುನ್ನ ಕಾಲಿನತ್ತ ಗಮನವಿರಲಿ

ಕಾಮಸಮುದ್ರದ ಹೆಸರಿನಲ್ಲಿ ಸಮುದ್ರವಿದ್ದರೂ ಕಡಲು ದೂರ. ಲಕ್ಷದ್ವೀಪದ ಹಡಗು ಹತ್ತಬೇಕೆಂದರೆ ಬಂಗಾರಪೇಟೆಯಿಂದ ಕೊಚ್ಚಿಗೆ ಹಲವು ಗಂಟೆ ರೈಲಿನಲ್ಲಿ ಸಾಗಬೇಕು. ಆಮೇಲೆ ಹಡಗಿನಲ್ಲಿ 14ರಿಂದ 18 ಗಂಟೆ.

ಇಂಥ ಪ್ರಯಾಣವೆಂದರೆ ಹಲವರಿಗೆ ವಾಂತಿಯದೇ ಭಯ. ಕಾಲಿನ ಕಡೆ ಗಮನ ಕೊಡುವವರು ಕಡಿಮೆ. ನಡೆಯುವಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಹೃದಯದತ್ತ ಮೇಲಕ್ಕೆ ತಳ್ಳುತ್ತವೆ. ಕದಲದೆ ಕುಳಿತರೆ ರಕ್ತದ ಓಟ ನಿಧಾನವಾಗಿ ಪಾದ ಊದುತ್ತದೆ. ಅಪರೂಪಕ್ಕೆ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯ ಪ್ರಕಾರ, 4 ಗಂಟೆ ಮೀರಿದ ಪ್ರಯಾಣದಿಂದ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಗರ್ಭಿಣಿಯರು, ಸ್ಥೂಲಕಾಯದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ಹೊರಡುವ ಮೊದಲೇ ವೈದ್ಯರನ್ನು ಕೇಳುವುದು ಒಳ್ಳೆಯದು.

ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ. ಕುಳಿತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಿ. ಶೌಚಾಲಯಕ್ಕೆ ಅಂಜಿ ನೀರು ಕುಡಿಯುವುದನ್ನು ಬಿಡಬೇಡಿ. ಎರಡೂ ಪಾದಗಳು ಸ್ವಲ್ಪ ಊದಿ, ಮಲಗಿ ಎದ್ದಾಗ ಇಳಿದರೆ ಸಾಮಾನ್ಯವಾಗಿ ಚಿಂತಿಸಬೇಕಿಲ್ಲ. ಆದರೆ ಒಂದೇ ಕಾಲು ಊದಿ ನೋಯುತ್ತಿದ್ದರೆ, ಎದೆನೋವು ಅಥವಾ ಏದುಸಿರು ಕಾಣಿಸಿದರೆ ಹಡಗು ಹತ್ತದೆ ನೇರ ಆಸ್ಪತ್ರೆಗೆ ಹೋಗಿ. ಎಷ್ಟು ದಿನ ಕಾದ ಪ್ರವಾಸವಾದರೂ ಮುಂದೂಡಬಹುದು. ನಡುಗಡಲಿನಲ್ಲಿ ಇದಕ್ಕೆ ಚಿಕಿತ್ಸೆ ಸುಲಭವಲ್ಲ.